ಬೀಗದವರು, ಬೀಗರು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವಳು ಬೀಗದಕ್ಕ. ತಂದೆ ನಡೆಸುತ್ತಿದ್ದ ಬೀಗ ರಿಪೇರಿಯ ಅಂಗಡಿಯನ್ನು, ಬಾಗಿಲಿಗಿಂತ ತುಸುವೇ ಅಗಲವಾದ ಆ ಗೂಡನ್ನು, ಹರೆಯದಲ್ಲೇ ವಹಿಸಿಕೊಂಡವಳು. ಗೋಡೆಯ ಮೊಳೆಗಳಲ್ಲಿ ಇನ್ನೂ ಹಲ್ಲು ಕೊರೆಯದ ಕೀಲಿಗಳ ಗೊಂಚಲು, ಮೇಜಿನ ಮೇಲೆ ಅರಗಳ ಸಾಲು, ಅವಳ ಮಡಿಲಲ್ಲಿ ಸದಾ ಹಿತ್ತಾಳೆಯ ಪುಡಿ. ಕೆಲಸಕ್ಕೆ ಕೂರುವ ಮುನ್ನ ಕಣ್ಮುಚ್ಚಿ ದೇವರನ್ನು ನೆನೆಯುವಳು. ಪರರ ಬಾಗಿಲು ತೆರೆಯಬಲ್ಲ ಕೈಗೆ ದೇವರ ಭಯ ಇರಲೇಬೇಕೆಂಬುದು ಅವಳ ನಂಬಿಕೆ. ಯಾರಾದರೂ ಕೀಲಿ ಕಳೆದುಕೊಂಡು ಪೆಟ್ಟಿಗೆ ಹೊತ್ತು ತಂದರೆ, “ಒಳಗೇನಿದೆ ಹೇಳಿ, ಆಮೇಲೆ ತೆಗೀತೀನಿ” ಎನ್ನುವಳು. ಹೇಳಿದ್ದು ಒಳಗಿಲ್ಲದಿದ್ದರೆ ಮತ್ತೆ ಬೀಗ ಜಡಿದು ಸಾಗಹಾಕುವಳು.

ಇಂಥವಳಿಗೆ ಲೋಕದಲ್ಲಿ ತನ್ನವಳೆಂದು ಇದ್ದವಳು ಅತ್ತೆ ಒಬ್ಬಳೇ. ಮದುವೆಯಾಗದೆ, ದೂರವಾಣಿ ಕಚೇರಿಯಲ್ಲಿ ಊರವರ ಮಾತಿಗೆ ತಂತಿ ಜೋಡಿಸುತ್ತಲೇ ಮುದುಕಿಯಾದವಳು. ತಾಯಿಯಿಲ್ಲದ ಬೀಗದಕ್ಕನಿಗೆ ತಲೆ ಬಾಚಿ, ಜಡೆ ಹೆಣೆದು, ಗದರಿಸಿ ಶಾಲೆಗೆ ಅಟ್ಟಿದ ಕೈ ಅವಳದು. ಆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು.

ಮೂಳೆ ದೇವರ ದಯದಿಂದ ಕೂಡಿಕೊಂಡಿತು. ತೊಡಕು ಬಂದದ್ದು ಆಸ್ಪತ್ರೆಯಿಂದ ಬಿಡುಗಡೆಯ ಮಾತು ಎದ್ದಾಗ. ಒಂಟಿಯಾಗಿ ಓಡಾಡಲಾರದವರನ್ನು ರಕ್ತಸಂಬಂಧಿಯೊಬ್ಬರು ಹೊಣೆ ಹೊತ್ತು ರುಜು ಹಾಕದೆ ಮನೆಗೆ ಕಳುಹಿಸುವಂತಿಲ್ಲ. ಯಾರೂ ಬಾರದಿದ್ದರೆ ವಾರದ ಕೊನೆಗೆ ಊರಾಚೆಯ ನಿರ್ಗತಿಕರ ಆಶ್ರಮಕ್ಕೆ ಸೇರಿಸುವುದು ಆ ಆಸ್ಪತ್ರೆಯ ಕಟ್ಟಳೆ.

“ನೀವು ಇವರಿಗೆ ಏನಾಗ್ಬೇಕು?” ಎಂದು ವಾರ್ಡಿನ ಹಿರಿಯ ನರ್ಸ್ ಕೇಳಿದಳು.

“ಇವ್ರು ನನ್ನ ಅತ್ತೆ.”

“ಯಾವ ಅತ್ತೆ? ಗಂಡನ ತಾಯಿನೂ ಅತ್ತೆ, ಮಾವನ ಹೆಂಡ್ತಿನೂ ಅತ್ತೆ, ಅಪ್ಪನ ಅಕ್ಕನೂ ಅತ್ತೆ. ರಕ್ತ ಎಲ್ಲಿ ಕೂಡುತ್ತೆ ಹೇಳಿ.”

ಪೆಟ್ಟಿಗೆಯೊಳಗೆ ಏನಿದೆಯೆಂದು ಊರನ್ನೆಲ್ಲ ಕೇಳುತ್ತಿದ್ದವಳಿಗೆ ತನ್ನ ಪೆಟ್ಟಿಗೆಯೊಳಗೆ ಏನಿದೆಯೆಂದೇ ಗೊತ್ತಿರಲಿಲ್ಲ. ನೇರವಾಗಿ ಹಾಸಿಗೆಯ ಬಳಿಗೆ ಹೋಗಿ, “ಅತ್ತೆ, ನಾವು ಯಾವ ಕಡೆಯಿಂದ ನೆಂಟರು?” ಎಂದಳು.

ಮುದುಕಿಗೆ ನಗು ತಡೆಯಲಾಗಲಿಲ್ಲ. “ಅಯ್ಯೋ, ನಗಿಸ್ಬೇಡ ಕಣೇ, ಸೊಂಟ ಹಿಡ್ಕೊಳ್ಳುತ್ತೆ! ನಿಮ್ಮಪ್ಪ ನಮ್ಮನೆ ಬೀಗ ರಿಪೇರಿಗೆ ಬರ್ತಿದ್ದ. ನಮ್ಮಪ್ಪನಿಗೆ ಬಾಯಲ್ಲಿ ಹಲ್ಲಿರ್ಲಿಲ್ಲ. ‘ಬೀಗದವರು ಬಂದ್ರು’ ಅಂತ ಕೂಗಿದ್ರೆ ‘ಬೀಗರು ಬಂದ್ರು’ ಅಂತ ಕೇಳೋದು. ನೀನು ಮೊಳದುದ್ದ ಇದ್ದೆ. ದೊಡ್ಡ ಬೀಗಿತ್ತಿ ಹಾಗೆ ಕುರ್ಚಿ ಎಳ್ಕೊಂಡು ಕೂತು, ಉಪಚಾರ ಎಲ್ಲಿ ಅಂತ ನೋಡ್ತಿದ್ದೆ!”

“ಮತ್ತೆ ನಾನು ನಿಮ್ಮನ್ನ ಅತ್ತೆ ಅಂತ ಯಾಕೆ ಕರೆದೆ?”

“ನಿಮ್ಮಪ್ಪ ನನ್ನ ಅಕ್ಕಾ ಅಂತಿದ್ದ. ಅಪ್ಪನ ಅಕ್ಕ ಅತ್ತೆ ತಾನೆ? ನಿನ್ನ ಲೆಕ್ಕ ಸರಿಯಾಗೇ ಇತ್ತು. ರಕ್ತ ಇರ್ಲಿಲ್ಲ, ಅಷ್ಟೇ.”

ನರ್ಸ್ ಕಲ್ಲೆದೆಯವಳಲ್ಲ. ದನಿ ತಗ್ಗಿಸಿ, “ಸೋದರತ್ತೆ ಅಂತ ಬರೆದು ರುಜು ಹಾಕ್ಬಿಡಿ. ಯಾರು ಬಂದು ನೋಡ್ತಾರೆ?” ಎಂದಳು.

“ನೋಡೋನು ಮೇಲೊಬ್ಬ ಇದ್ದಾನಲ್ಲಮ್ಮ. ಇಷ್ಟು ವರ್ಷ ಕಳ್ಳ ಕೀಲಿ ಮಾಡಿಲ್ಲ, ಅತ್ತೆ ವಿಷಯದಲ್ಲಿ ಶುರು ಮಾಡಲ್ಲ. ಹಾಗಂತ ಅತ್ತೆನ ಬಿಟ್ಟೂ ಕೊಡಲ್ಲ.”

ಹೀಗೆಂದು ಕುರ್ಚಿಯನ್ನು ಹಾಸಿಗೆಗೆ ಒತ್ತಿ ಕುಳಿತಳು. “ನಿಮ್ಮವರು ಯಾರ್ಯಾರಿದ್ದಾರೆ, ಹೇಳಿ.”

“ಯಾರೂ ಇಲ್ಲ. ಒಡಹುಟ್ಟಿದೋರಿಲ್ಲ, ಹೊಟ್ಟೇಲಿ ಹುಟ್ಟಿದೋರಿಲ್ಲ.”

“ಅಪ್ಪನ ಕಡೆ?”

“ಅಪ್ಪ ಒಬ್ಬನೇ ಮಗ.”

“ಅಮ್ಮನ ಕಡೆ?”

“ಒಬ್ಳು ಚಿಕ್ಕಮ್ಮ ಇದ್ಳು. ಅವಳ ಮಗಳು ನನಗಿಂತ ಚಿಕ್ಕೋಳು. ರೈಲ್ವೆ ಸೇತುವೆ ಹತ್ರದ ಬೇಕರಿಯವನನ್ನ ಮದುವೆಯಾದ್ಳು. ಆಮೇಲೆ ಹೋಗಿ ಬರೋದೇ ನಿಂತ್ಹೋಯ್ತು. ಜಗಳ ಏನಿಲ್ಲ, ಸೋಮಾರಿತನ.”

ಮರುದಿನ ಬೀಗದಕ್ಕ ಅಂಗಡಿ ತೆರೆಯಲಿಲ್ಲ. ಸೇತುವೆಯ ಬಳಿಯ ಬೇಕರಿ ಎಂದೋ ಮುಚ್ಚಿತ್ತು. ಪಕ್ಕದ ದರ್ಜಿ ಮಾರುಕಟ್ಟೆಯತ್ತ ಕೈ ತೋರಿಸಿದ. ಮಾರುಕಟ್ಟೆಯವರು ಮತ್ತೊಂದು ಬೀದಿ ಹೇಳಿದರು. ಅಲ್ಲಿಯವರು, ಗಂಡಹೆಂಡಿರಿಬ್ಬರೂ ತೀರಿಕೊಂಡರು, ಮಗಳು ಕೇಕಿನ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ ಎಂದರು. ಕಾಲು ಬಾತುಕೊಂಡಿದ್ದರೂ ಅವಳು ಮನೆಯ ದಾರಿ ಹಿಡಿಯಲಿಲ್ಲ.

ಆ ಮಗಳು ಕೆನೆಯ ಚೀಲ ಹಿಂಡುತ್ತ ಕೇಕಿನ ಮೇಲೆ ಹೂ ಬಿಡಿಸುತ್ತಿದ್ದಳು. “ಯಾವ ಕೇಕ್ ಬೇಕು?” ಎಂದಳು, ತಲೆಯೆತ್ತದೆ.

“ಕೇಕಲ್ಲ, ನೆಂಟರನ್ನ ಹುಡುಕ್ಕೊಂಡು ಬಂದೆ.”

“ಅದನ್ನ ನಾವು ಮಾಡಲ್ಲ.”

ಬೀಗದಕ್ಕ ನಕ್ಕು, ನಡೆದುದನ್ನೆಲ್ಲ ಹೇಳಿದಳು. ಕೇಕಿನವಳ ಹುಬ್ಬು ಗಂಟಿಕ್ಕಿತು. “ಆಸ್ತಿ ಗೀಸ್ತಿ ಏನಾದ್ರೂ ಇದೆಯಾ?”

“ಏನೂ ಇಲ್ಲ.”

“ಆಸ್ತಿ ಇಲ್ಲದೆ ನೆಂಟರನ್ನ ಹುಡುಕೋರನ್ನ ಇವತ್ತೇ ನೋಡಿದ್ದು. ಏನೋ ದೂರದ ಸಂಬಂಧ ಬಿಡಿ. ಅಮ್ಮ ಹೋದ್ಮೇಲೆ ಆ ಕಡೆಯೋರು ನನಗೆ ಯಾರೂ ಇಲ್ಲ.”

“ದೂರ ಎಷ್ಟು, ನೋಡೇಬಿಡೋಣ. ನಿಮ್ಮಜ್ಜಿನೂ ನಮ್ಮತ್ತೆ ತಾಯಿನೂ ಅಕ್ಕತಂಗಿ. ಅಕ್ಕತಂಗಿ ಹೆಣ್ಣುಮಕ್ಕಳು ಒಬ್ರಿಗೊಬ್ರು ಏನಾಗ್ತಾರೆ?”

“ಅಕ್ಕತಂಗೀನೇ.”

“ಅಂದ್ರೆ ನಮ್ಮತ್ತೆ ನಿಮ್ಮಮ್ಮನಿಗೆ ಅಕ್ಕ. ಅಮ್ಮನ ಅಕ್ಕ ನಿಮಗೆ?”

ಚೀಲ ಹಿಂಡುತ್ತಿದ್ದ ಕೈ ನಿಂತಿತು. “ದೊಡ್ಡಮ್ಮ” ಎಂದಳು ಮೆಲ್ಲಗೆ.

ಆಹಾ, ನಮ್ಮ ಹಿರಿಯರ ಬಾಯಲ್ಲಿ ಭಗವಂತ ಎಂಥ ಮಾತುಗಳನ್ನಿಟ್ಟ! ಅಕ್ಕ ಎಂದ ಮೇಲೆ ಮುಕ್ಕಾಲು ಅಕ್ಕ, ಕಾಲು ಅಕ್ಕ ಎಂಬ ತೂಕವಿಲ್ಲ. ತಾಯಿಯ ಅಕ್ಕನನ್ನು ಕರೆಯಹೊರಟರೆ ‘ಅಮ್ಮ’ ಎನ್ನದೆ ಮಾತು ಮುಗಿಯುವುದೇ ಇಲ್ಲ. ಬಂಧುಗಳು ಇಲ್ಲವೆಂದು ಕೊರಗುವವರಲ್ಲಿ ಎಷ್ಟೋ ಮಂದಿ ಕರೆಯುವುದನ್ನು ಮರೆತವರು, ಅಷ್ಟೇ.

“ನನ್ನದು ಒಂದೇ ಕೋಣೆ. ಜಾಗ ಇಲ್ಲ” ಎಂದಳು ಕೇಕಿನವಳು.

“ಜಾಗ ನನ್ನ ಹತ್ರ ಇದೆ. ರಕ್ತ ನಿಮ್ಮ ಹತ್ರ ಇದೆ. ಏಳಿ.”

ಆಸ್ಪತ್ರೆಯಲ್ಲಿ ನರ್ಸ್ ಲೇಖನಿ ಹಿಡಿದು, “ನೀವು ಏನಾಗ್ಬೇಕು?” ಎಂದಳು.

“ಮಗಳು.”

“ಇವರಿಗೆ ಮದುವೇನೇ ಆಗಿಲ್ವಲ್ಲ!”

ಹಾಸಿಗೆಯಿಂದ ಮುದುಕಿ ಗುಡುಗಿದಳು: “ತಂಗಿ ಮಗಳು ಮಗಳಲ್ಲದೆ ಇನ್ನೇನು, ಸೊಸೆಯಾ?”

“ಬಿಡಿಸಿ ಬರ್ಕೊಳ್ಳಿ ತಾಯಿ,” ಎಂದು ಬೀಗದಕ್ಕ ಅಡ್ಡಬಂದಳು. “ತಾಯಿಯ ತಂಗಿಯ ಮಗಳ ಮಗಳು. ಒಂದಕ್ಷರ ಬಿಡ್ಬೇಡಿ.” ನರ್ಸ್ ಗೊಣಗುತ್ತಲೇ ಬರೆದಳು; ಕೇಕಿನವಳು ರುಜು ಹಾಕಿದಳು.

ಹೊಣೆಯ ಕಾಗದಕ್ಕಷ್ಟೇ ಬಂದವಳು ಬೀಗದಕ್ಕನ ಮನೆಯ ತನಕವೂ ಬಂದಳು. ಅಲ್ಲಿ ಬಾಡಿಗೆಗೆ ತಂದ ಆಸ್ಪತ್ರೆಯ ಮಂಚ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತು. ತೆರೆದ ಕದವೇ ದಾರಿಗೆ ಅಡ್ಡ. ಅತ್ತೆ ಜಗಲಿಯ ಕುರ್ಚಿಯಲ್ಲಿ ಕುಳಿತು ಇಬ್ಬರಿಗೂ ಅಪ್ಪಣೆ ಕೊಡುತ್ತಿದ್ದಳು. ಬೀಗದಕ್ಕ ಕ್ಷಣವೂ ಯೋಚಿಸದೆ ತಿರುಪುಳಿ ತೆಗೆದು ಕದದ ಕೀಲುಗಳನ್ನು ಬಿಚ್ಚತೊಡಗಿದಳು.

ಕದ ಬೀಳದಂತೆ ಹಿಡಿದು ನಿಂತ ಕೇಕಿನವಳು ಕೇಳಿದಳು: “ನಾನು ಇವರ ಮಗಳು, ನೀವು ಇವರನ್ನ ಅತ್ತೆ ಅಂತೀರಿ. ಹಾಗಾದ್ರೆ ನಾನು ನಿಮ್ಮನ್ನ ಏನಂತ ಕರೀಬೇಕು?”

“ದೊಡ್ಡೋಳು ಅತ್ತಿಗೆ, ಚಿಕ್ಕೋಳು ನಾದಿನಿ” ಎಂದಳು ಮುದುಕಿ ಜಗಲಿಯಿಂದ. “ಇಬ್ರೂ ವಯಸ್ಸು ಹೇಳಿ.”



“ನೀವೇ ಮೊದ್ಲು ಹೇಳಿ” ಎಂದಳು ಕೇಕಿನವಳು.

“ಮೊದ್ಲು ಕದ ಎತ್ತಿ,” ಎಂದಳು ಬೀಗದಕ್ಕ, ಕೊನೆಯ ತಿರುಪು ಬಿಚ್ಚುತ್ತ, “ವಯಸ್ಸು ನಿಧಾನಕ್ಕೆ ನೋಡೋಣ.”