ಚಿಕ್ಕ ತಂಬಿಗೆಗೆ ಸಿಕ್ಕ ಬಡ್ತಿ

ಬೆಳಿಗ್ಗೆ ಮಾತ್ರೆ ನುಂಗಿದೆ, ಕೂಲರಿಗೆ ನೀರು ತುಂಬಿಸಿದೆ, ಕುಡಿಯುವ ನೀರು ಕುದಿಸಿ ಆರಲು ಇಟ್ಟೆ, ಹೀರೇಕಾಯಿ ಹೆರೆದೆ, ನಾಳೆ ಧಾರವಾಡಕ್ಕೆ ಹೊರಡಬೇಕಾದ ಅಕ್ಕನ ಸೀರೆಗಳನ್ನು ಮಡಚಿ ಟ್ರಂಕಿಗೆ ಹಾಕಿದೆ. ಅವಳು ಅವನ್ನೆಲ್ಲ ಹೊರಗೆ ತೆಗೆದಳು. ಮತ್ತೆ ಹಾಕಿದೆ. ಮತ್ತೆ ತೆಗೆದಳು.

“ರಿಪೋರ್ಟ್ ಬರೂತನಕ ನಾ ಹೋಗಂಗಿಲ್ಲ. ಕೊಟ್ಟಮ್ಯಾಲೆ ಅದು ಹೆಂಗ ನಡಕೋತೈತಿ ನೋಡಬ್ಯಾಡೇನು?” ಎಂದಳು, ಮಗಳನ್ನು ಬೀಗರ ಮನೆಗೆ ಕೊಟ್ಟ ತಾಯಿಯ ಗತ್ತಿನಲ್ಲಿ. ಅದು ಎಂದರೆ ಅವಳ ಎಡಗಡೆಯ ಮೂತ್ರಪಿಂಡ. ಹೋಳಿ ಮುಗಿದ ಮೇಲೆ ಅವಳ ಒಡಲು ಬಿಟ್ಟು ನನ್ನ ಒಡಲಿಗೆ ಸಂಸಾರ ಹೂಡಲು ಬಂದದ್ದು.

ನನ್ನವೆರಡೂ ಕೈಕೊಟ್ಟಿದ್ದ ವರ್ಷಗಳಲ್ಲಿ, ಲಕ್ಷ್ಮೀನಗರದ ಡಾಂಬರು ಚಪ್ಪಲಿಗೆ ಅಂಟುವ ಬೇಸಿಗೆಯಲ್ಲೂ, ನನ್ನ ಇಡೀ ದಿನದ ನೀರು ಒಂದು ಚಿಕ್ಕ ಸ್ಟೀಲು ತಂಬಿಗೆಯೊಳಗೆ ಮುಗಿಯಬೇಕಿತ್ತು. ಮಾತ್ರೆಗಿಷ್ಟು, ಊಟಕ್ಕಿಷ್ಟು ಎಂದು ಗುಟುಕರಿಸುತ್ತ, ಎದುರುಮನೆಯ ನಲ್ಲಿ ಸುಮ್ಮನೆ ಸೋರುವುದನ್ನು ಕಂಡರೆ ಒಡವೆ ಚರಂಡಿಗೆ ಬಿದ್ದಂತೆ ಸಂಕಟಪಡುತ್ತಿದ್ದೆ. ಈಗ ಡಾಕ್ಟರು ‘ಕುಡಿಯಿರಿ, ಇನ್ನೂ ಕುಡಿಯಿರಿ’ ಎನ್ನುತ್ತಾರೆ! ನೀರಿಗೆ ಎಂಥ ರುಚಿಯಿದೆ ಗೊತ್ತೇ ನಿಮಗೆ? ಕುಡಿದದ್ದು ಸರಾಗವಾಗಿ ಹೊರಗೆ ಹೋಗುವುದೂ ನಮ್ಮಲ್ಲಿ ಸಂಭ್ರಮದ ವಾರ್ತೆ. ನಮ್ಮ ಯಜಮಾನರು ಅದನ್ನು ಪಕ್ಕದ ಮನೆಯ ಮರಾಠಿ ಕಾಕೂಗೆ ಕಾಂಪೌಂಡಿನ ಮೇಲಿಂದ ಕೂಗಿ ಹೇಳಿ ನನ್ನ ಮಾನ ಕಳೆಯುತ್ತಾರೆ.

ಮಧ್ಯಾಹ್ನ ಅವರು ಸದರ್ ಪೇಟೆಯ ಲ್ಯಾಬಿನಿಂದ ರಿಪೋರ್ಟ್ ಹಿಡಿದು ಬಂದರು. ಸ್ಕೂಟರ್ ಇನ್ನೂ ನಿಂತಿರಲಿಲ್ಲ. “ಬರೋಬರ್ ಐತಿ! ಎಲ್ಲಾ ಬರೋಬರ್!”

“ಬರೋಬರ್ ಅಂದ್ರ ಎಷ್ಟ ಬರೋಬರ್?” ಎಂದು ಅಕ್ಕ ಬಾಗಿಲಲ್ಲೇ ತಡೆದಳು.

“ನಿಮ್ಮ ಕಡೆ ಇದ್ದಾಗ ಇಷ್ಟ ಕೆಲಸ ಮಾಡತಿತ್ತೋ ಇಲ್ಲೋ ಅಕ್ಕಾರ, ಇಲ್ಲಂತೂ ಜಲ್ದಿ ಹೊಂದಿಕೊಂಡೈತಿ!”

ಅಕ್ಕ ಒಳಗೆ ಹೋಗಿ ಸೀರೆಗಳನ್ನು ತಾನೇ ಟ್ರಂಕಿಗೆ ಹಾಕತೊಡಗಿದಳು. ಬೆಳಗಿನಿಂದ ಅವಳನ್ನು ಹೊರಡಿಸುತ್ತಿದ್ದ ನನಗೇ ಈಗ ಅವನ್ನೆಲ್ಲ ಹೊರಗೆ ತೆಗೆಯಬೇಕೆನಿಸಿತು.

ಸಂಜೆ ದೀಪ ಹಚ್ಚಿ ಅವಳ ಉಡಿ ತುಂಬಿದೆ. ಅಕ್ಕಿ ಅಳೆಯಲು ಬೇಕೆಂದೇ ಆ ಚಿಕ್ಕ ತಂಬಿಗೆಯನ್ನು ತೆಗೆದುಕೊಂಡೆ. ಒಂದು ಕಾಲಕ್ಕೆ ನನಗೆ ಕೊಡಲು ಅಷ್ಟು ಜಿಪುಣತನ ಮಾಡಿದ ಪಾತ್ರೆ, ಮತ್ತೆ ಮತ್ತೆ ತುಂಬಿ ಅವಳ ಸೆರಗಿಗೆ ಧಾರಾಳವಾಗಿ ಸುರಿಯಿತು. ಉಡಿಯಕ್ಕಿಯನ್ನು ಪೂರ್ತಿ ಒಯ್ಯುವ ಪದ್ಧತಿ ನಮ್ಮಲ್ಲಿಲ್ಲ. ಉಡಿ ತುಂಬಿದವರ ಮನೆಗೆ ಒಂದು ಹಿಡಿ ಬಿಟ್ಟು ಹೋಗಬೇಕು. ಅಕ್ಕ ಮುಷ್ಟಿ ತುಂಬಿಕೊಂಡು ನಮ್ಮ ಅಕ್ಕಿ ಡಬ್ಬಿಯತ್ತ ನಡೆದಾಗ ನಾನು ಕೈ ಹಿಡಿದೆ.

“ಬ್ಯಾಡ ಬಿಡ ಅಕ್ಕಾ. ನೀ ಬಿಟ್ಟು ಹೋಗೂದು ಆಗಲೇ ನನ್ನ ಹೊಟ್ಯಾಗ ಐತಿ.”

“ಅದು ಬ್ಯಾರೆ, ಇದು ಬ್ಯಾರೆ. ಸರಿ ಆಕಡೆ,” ಎಂದು ಗದರಿ ಡಬ್ಬಿಗೆ ಸುರಿದಳು.

ಆ ಹಿಡಿ ಅಕ್ಕಿಯನ್ನೂ ಸೇರಿಸಿ ಅನ್ನಕ್ಕಿಟ್ಟೆ. ರೊಟ್ಟಿ, ಹೀರೇಕಾಯಿ ಪಲ್ಯ, ಕೊನೆಗೆ ಸಾರನ್ನ ಉಂಡೆವು. ನಾನು ಆ ತಂಬಿಗೆಯಲ್ಲೇ ನೀರು ಕುಡಿದೆ, ಬರಿದಾದಾಗ ಮತ್ತೆ ತುಂಬಿಸಿಕೊಂಡೆ. ಆಪರೇಷನ್ ಆದಂದಿನಿಂದ, ನಾನು ಬಚ್ಚಲಿಗೆ ಹೋಗಿಬಂದ ಸದ್ದು ಕೇಳದೆ ಕಣ್ಣು ಮುಚ್ಚದವಳು ಅಕ್ಕ. ಇವತ್ತು ನಾನು ಹಾಸಿಗೆ ಬಿಡಿಸುವಷ್ಟರಲ್ಲಿ ಕೂಲರಿನ ಸದ್ದನ್ನೂ ಮೀರಿಸಿ ಗೊರಕೆ ಹೊಡೆಯುತ್ತಿದ್ದಳು. ಮೊದಲು ನಿದ್ದೆಹೋದವಳು ಅವಳೇ.