ಏಳು ಬಿಲ್ಡಿಂಗಿನ ರುದ್ರವ್ವ

ರುದ್ರವ್ವನ ಅರ್ಜಿ ತುಂಬಿದವಳು ನಾನೇ. ಹಾಗಾಗಿ ಆದ ಎಡವಟ್ಟಿನಲ್ಲಿ ನನಗೂ ಪಾಲಿದೆ.

ದಹಿಸರ್‌ನ ನಮ್ಮ ಚಾಳಿನ ಪಕ್ಕದಲ್ಲಿ ಹದಿನಾಲ್ಕು ಮಾಳಿಗೆಯ ಕಟ್ಟಡ ಏಳುತ್ತಿತ್ತು. ಅವಳು ಅಲ್ಲಿ ಗಾರೆ ಹೊರುತ್ತಿದ್ದಳು. ಸೋಮವಾರ ಸಂಜೆ ನಮ್ಮ ಮನೆಯ ಭಜನೆಗೆ ಬಂದರೆ ಬಾಗಿಲ ಬಳಿಯೇ ಕೂರುವಳು. ಕಾಲಿನ ಸಿಮೆಂಟು ದೇವರ ಮುಂದಿನ ನೆಲಕ್ಕೆ ತಾಗಬಾರದೆಂದು ಅವಳ ಹಟ. ವಿಜಯಪುರದ ಕಡೆಯಿಂದ ಗಂಡನ ಜೊತೆ ಮುಂಬಯಿಗೆ ಬಂದು ಮೂವತ್ತು ವರ್ಷವಾಯಿತು. ಗಂಡ ತೀರಿಕೊಂಡ, ಮಗಳೂ ತೀರಿಕೊಂಡಳು. ಉಳಿದವಳು ಹತ್ತನೇ ಕ್ಲಾಸಿನ ಮೊಮ್ಮಗಳು ಸ್ನೇಹಲ್.

ಈ ಗಾರೆ ಕೆಲಸದವರು ತಾವು ಕಟ್ಟುವ ಕಟ್ಟಡದಲ್ಲೇ ವಾಸ ಮಾಡುವವರು. ಮೊದಲು ತಗಡಿನ ಗುಡಿಸಲು. ಒಂದು ಸ್ಲ್ಯಾಬ್ ಹಾಕಿ ಮುಗಿದರೆ ಅದರಡಿಗೆ ಒಲೆ. ಮಾಳಿಗೆ ಏರಿದಂತೆ ಸಂಸಾರವೂ ಏರುತ್ತದೆ. ಬಾಗಿಲು ಕೂಡಿಸುವ ಬಡಗಿ ಬಂದನೆಂದರೆ ಗಂಟು ಕಟ್ಟಿಕೊಂಡು ಮುಂದಿನ ಜಾಗಕ್ಕೆ ನಡೆಯಬೇಕು. ಮೂವತ್ತು ವರ್ಷದಲ್ಲಿ ರುದ್ರವ್ವ ಬಾಗಿಲಿದ್ದ ಮನೆಯಲ್ಲಿ ಒಂದು ರಾತ್ರಿಯೂ ಮಲಗಿರಲಿಲ್ಲ.

ದುಡಿಯುವ ಬಡವರಿಗೆ ಸರಕಾರ ಕಡಿಮೆ ಬಾಡಿಗೆಗೆ ಮನೆ ಕೊಡುತ್ತದೆಂದು ಗೊತ್ತಾದಾಗ ನಾನು ಫಾರ್ಮು ತಂದೆ. ಸ್ವಂತ ಮನೆ ಇರಬಾರದು, ಹದಿನೈದು ವರ್ಷ ಮುಂಬಯಿಯಲ್ಲಿ ಇದ್ದಿರಬೇಕು. ‘ಹಿಂದೆ ವಾಸಿಸಿದ ವಿಳಾಸ’ ಎಂಬಲ್ಲಿ ಅವಳು ಏಳು ಬಿಲ್ಡಿಂಗಿನ ಹೆಸರನ್ನು ದೇವರ ನಾಮದಂತೆ ತಡವರಿಸದೆ ಹೇಳಿದಳು.

“ಫ್ಲ್ಯಾಟ್ ನಂಬರ್?” ಎಂದೆ.

“ಎಲ್ಲಾದ್ರಾಗೂ ಇದ್ದೆನ್ರಿ ಅಕ್ಕಾರ. ಒಂದ ನಂಬರ್ ಹ್ಯಾಂಗ ಹೇಳ್ಲಿ?”

ನಂಬರಿನ ಜಾಗದಲ್ಲಿ ‘ಎಲ್ಲಾ’ ಎಂದು, ಅವಳು ಹೇಳಿದಂತೆಯೇ ಬರೆದೆ. ತಿಂಗಳಾದ ಮೇಲೆ ಪಟ್ಟಿ ಬಂತು. ಅವಳ ಹೆಸರಿನ ಮುಂದೆ: ‘ತಿರಸ್ಕೃತ. ಅರ್ಜಿದಾರಳಿಗೆ ಏಳು ಕಡೆ ಮನೆಗಳಿರುವಂತೆ ಕಾಣುತ್ತದೆ.’

ಸ್ನೇಹಲ್ ಬಿದ್ದು ಬಿದ್ದು ನಕ್ಕಳು. “ಅಜ್ಜಿ, ತೂ ತೋ ಸೇಠಾಣಿ ನಿಕ್ಲಿ! ಏಳು ಮನೆ ಸಾಹುಕಾರ್ತಿ!”

ರುದ್ರವ್ವ ನಗಲಿಲ್ಲ. “ಈ ತಿಂಗಳ ಆಖೇರಿಗೆ ಬಡಿಗ್ಯಾ ಬರ್ತಾನ್ರಿ. ಮುಂದಿನ ಕೆಲಸ ವಿರಾರ್ ಆಚೆ. ಹುಡುಗಿ ಪರೀಕ್ಷಾ ಏನಾಗಬೇಕು?”

ಮರುದಿನ ಕಚೇರಿಗೆ ಹೋದೆವು. ಅರ್ಜಿಗಳನ್ನು ಪರಿಶೀಲಿಸುವ ಅಧಿಕಾರಿ ನಮಿತಾ ಎಂಬ ಹೆಂಗಸು. ಗಟ್ಟಿ ಮಾತು, ಆದರೆ ಕೇಳುವ ಕಿವಿ ಇತ್ತು. ನಾನು ವಿವರಿಸಿದ ಮೇಲೆ ಕನ್ನಡಕ ತೆಗೆದಿಟ್ಟರು. “ಸರಿ, ಮನೆಯಿಲ್ಲ ಎನ್ನುವುದನ್ನು ನಂಬುತ್ತೇನೆ. ಆದರೆ ಹದಿನೈದು ವರ್ಷ ಇಲ್ಲಿದ್ದಳು ಅಂತ ಕಾಗದ ಬೇಕಲ್ಲ? ಇವಳ ರೇಷನ್ ಕಾರ್ಡು ಊರಿನದು. ಲೈಟ್ ಬಿಲ್ಲು ಇಲ್ಲ. ವಾಸವಿದ್ದಳು ಎಂದು ಹೌಸಿಂಗ್ ಸೊಸೈಟಿಯವರ ಪತ್ರವಾದರೂ ನಡೆಯುತ್ತದೆ. ಹತ್ತು ದಿನ ಸಮಯ.”

ಹೊರಗೆ ಬಂದೆವು. ಕೂಲಿ ಹೆಂಗಸಿಗೆ ಯಾವ ಸೊಸೈಟಿ ಪತ್ರ ಕೊಟ್ಟೀತು? ರುದ್ರವ್ವ ಸೆರಗು ಸಿಕ್ಕಿಸಿಕೊಂಡಳು. “ನಡೀರಿ ಅಕ್ಕಾರ, ಕಾಂದಿವಲಿ ಲೋಕಲ್ ಹಿಡಿಯೂಣು.”

ಅವಳ ಏಳು ಬಿಲ್ಡಿಂಗಿನಲ್ಲಿ ಒಂದು ಕಾಂದಿವಲಿಯಲ್ಲಿತ್ತು. ಅದರ ಸೊಸೈಟಿಯ ಸೆಕ್ರೆಟರಿ ಹಿತೇಶ್ ಎಂಬ ಗುಜರಾತಿ. ಗೇಟಿನಲ್ಲೇ ನಿಲ್ಲಿಸಿ ಕೇಳಿದ. “ನೀನಿಲ್ಲಿ ಇದ್ದೆ ಅನ್ನೋದಕ್ಕೆ ಸಾಕ್ಷಿ ಏನಮ್ಮಾ?”

ರುದ್ರವ್ವ ತಲೆಯೆತ್ತಿ ಕಟ್ಟಡವನ್ನು ನೋಡಿದಳು. ಎಷ್ಟೋ ವರ್ಷದ ಮೇಲೆ ಅಕ್ಕನ ಮಗನನ್ನು ನೋಡಿದಂತಿತ್ತು. ಹಿಂದಿಯಲ್ಲೇ ಕೇಳಿದಳು. “ಮಳೆಗಾಲದಲ್ಲಿ ಎರಡನೇ ಮಾಳಿಗೆ ಮೆಟ್ಟಿಲ ಹತ್ತಿರ ನೀರು ಬರ್ತದಲ್ಲ ಸಾಹೇಬ್?”

ಹಿತೇಶನ ಮುಖ ಬದಲಾಯಿತು. “ನಿನಗೆ ಯಾರು ಹೇಳಿದ್ದು?”

“ನೀವು ತಾರಸಿ ಮೇಲೆ ಹುಡುಕಿರ್ತೀರಿ, ಅಲ್ಲಿಲ್ಲ. ಮೂರನೇ ಮಾಳಿಗೆಯ ಮಳೆನೀರಿನ ಪೈಪಿನ ಹಿಂದೆ ಇಟ್ಟಿಗೆ ಸಾಲಲಿಲ್ಲ ಅಂತ ಮೇಸ್ತ್ರಿ ಬರೀ ಸಿಮೆಂಟು ಮೆತ್ತಿದ. ಬೇಡ ಅಂದೆ. ನೀ ಬುಟ್ಟಿ ಹೊರು, ಬುದ್ಧಿ ಹೇಳಬ್ಯಾಡ ಅಂದ.”

ಅವನು ನಂಬಲಿಲ್ಲ. ಆದರೂ ವಾಚ್‌ಮನ್‌ಗೆ ಹೇಳಿ ಪ್ಲಂಬರನನ್ನು ಕರೆಸಿದ. ನಾನು ಮೆಟ್ಟಿಲ ಮೇಲೆ ಕೂತು ಸೆರಗಿನೊಳಗೆ ಜಪ ಮಾಡುತ್ತಿದ್ದೆ. ಪ್ಲಂಬರನ ಸುತ್ತಿಗೆಯ ನಾಲ್ಕನೇ ಏಟಿಗೆ ಪೈಪಿನ ಹಿಂದಿನ ಪ್ಲಾಸ್ಟರು ಉದುರಿತು. ಹಿಂದೆ ಇಟ್ಟಿಗೆಯಿಲ್ಲ, ಅಂಗೈ ಅಗಲದ ತೂತು.

“ಐದು ವರ್ಷ!” ಹಿತೇಶ್ ಹಣೆ ಬಡಿದುಕೊಂಡು ನಕ್ಕ. “ಐದು ವರ್ಷದಿಂದ ತಾರಸಿಗೆ ಡಾಂಬರು ಹಾಕಿಸ್ತಿದ್ದೀವಿ. ಬಾರಮ್ಮಾ, ಒಳಗೆ ಬಾ, ಕೂತು ಚಾ ಕುಡಿ.” ಲೆಟರ್‌ಹೆಡ್ ತೆಗೆದು ಬರೆದು ಮೊಹರು ಒತ್ತಿದ. ‘ಈ ಹೆಂಗಸು ಕಟ್ಟಡ ಮುಗಿಯುವವರೆಗೆ ಮೂರೂವರೆ ವರ್ಷ ಇಲ್ಲಿಯೇ ವಾಸವಿದ್ದರು. ಇವರು ನಮ್ಮ ಸೊಸೈಟಿಯ ಮೊದಲ ನಿವಾಸಿ.’

ಆ ಪತ್ರ ಮುಂದೆ ಹಿಡಿದರೆ ಉಳಿದ ಕಡೆ ಗೇಟು ತೆರೆಯುವುದು ಕಷ್ಟವಾಗಲಿಲ್ಲ. ಒಂದು ಕಡೆ ನೀರಿನ ಟ್ಯಾಂಕಿನ ಬಿರುಕು ಎಲ್ಲಿದೆ ಎಂದಳು, ಇನ್ನೊಂದು ಕಡೆ ಯಾವ ಕಂಬದ ಬುಡದಲ್ಲಿ ಪಾಯಪೂಜೆಯ ತೆಂಗಿನಕಾಯಿ ಹೂಳಿದೆ ಎಂದಳು. ಎರಡು ಸೊಸೈಟಿಯವರು ಒಲ್ಲೆ ಎಂದರು. ಕಾಂದಿವಲಿಯದೂ ಸೇರಿ ಐದರವರು ಕೊಟ್ಟರು.

ಒಂಬತ್ತನೆಯ ದಿನ ನಮಿತಾ ಮೇಡಂ ಐದು ಪತ್ರಗಳನ್ನು ಸಾಲಾಗಿ ಹಾಸಿ ತಾರೀಕು ಕೂಡಿಸಿದರು. ಮತ್ತೊಮ್ಮೆ ಕೂಡಿಸಿದರು. “ಹದಿನೇಳು ವರ್ಷ!” ಎಂದು ಪಕ್ಕದ ಮೇಜಿನವರಿಗೂ ಕೇಳುವಂತೆ ಹೇಳಿ, ‘ತಿರಸ್ಕೃತ’ ಎಂಬುದರ ಮೇಲೆ ಗೆರೆ ಎಳೆದರು.

“ಯಾವ ಮಾಳಿಗೆ ಬೇಕು ರುದ್ರವ್ವ?”

“ಕೆಳಗಿಂದು ಕೊಡ್ರಿ. ಹತ್ತಿದ್ದು ಸಾಕಾಗೇತಿ.”

ಬೀಗದ ಕೈ ಸಿಕ್ಕ ದಿನ ನಾನು ಅರಿಶಿನ ಕುಂಕುಮ ತೆಗೆದುಕೊಂಡು ಹೋದೆ. ಒಂದು ಕೋಣೆ, ಒಂದು ಅಡುಗೆಯ ಕಟ್ಟೆ. ಹೊಸ್ತಿಲ ಪೂಜೆಯಾಗುತ್ತಲೇ ಅವಳು ಗೆಣ್ಣಿನಿಂದ ಗೋಡೆ ಬಡಿಯುತ್ತಾ ಸುತ್ತಿದಳು. “ಇಲ್ಲಿ ಪ್ಲಾಸ್ಟರ್ ಪೊಳ್ಳ ಐತಿ. ಮೇಡಂಗ ಹೇಳತೀನಿ.”

“ಬಸ್ ಕರ್ ಅಜ್ಜಿ, ಸಾಕು, ಮೊದ್ಲು ಕೂತ್ಕೋ ನಾ,” ಎಂದಳು ಸ್ನೇಹಲ್, ಪುಸ್ತಕದ ಚೀಲ ಕಿಟಕಿಯ ಕೆಳಗಿಡುತ್ತಾ.

ರುದ್ರವ್ವ ಬಾಗಿಲ ಹತ್ತಿರ ಹೋದಳು. ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಆಮೇಲೆ ನನ್ನತ್ತ ತಿರುಗಿ, “ಅಕ್ಕಾರ, ನೀವೊಂದೀಟು ಹೊರಗ ಹೋಗ್ರಿ,” ಎಂದಳು.

ಹೋದೆ. ಒಳಗೆ ಚಿಲಕ ಬಿದ್ದ ಸದ್ದಾಯಿತು.

“ಬಡೀರಿ!”

ನಾನು ಬಾಗಿಲು ಬಡಿದೆ.

“ಯಾರವ್ರಾ?” ಎಂದು ಒಳಗಿನಿಂದ ರುದ್ರವ್ವ, ಇಡೀ ಬಿಲ್ಡಿಂಗಿಗೆ ಕೇಳುವಷ್ಟು ಜೋರಾಗಿ ಕೂಗಿದಳು.