ದೇವರ ಗೂಡಿನಲ್ಲಿದ್ದ ಸರ್ವಾಧಿಕಾರಿ

ಹಳೆಯ ನಾಣ್ಯ ಕಂಡರೆ ನನ್ನ ಕೈ ತುರಿಸುತ್ತದೆ. ಇದು ಹವ್ಯಾಸ ಎಂದು ನಾನು ಹೇಳಿಕೊಳ್ಳುತ್ತೇನೆ, ರೋಗ ಎಂದು ನನ್ನ ಹೆಂಡತಿ ಹೇಳುತ್ತಾಳೆ. "ಎಲ್ಲರ ಗಂಡಂದಿರೂ ಅಂಗಡಿಯಲ್ಲಿ ನಡೆಯೋ ದುಡ್ಡು ತರ್ತಾರೆ, ನೀವು ಮಾತ್ರ ನಡೆಯದೇ ಇರೋ ದುಡ್ಡನ್ನೇ ಹುಡುಕಿಕೊಂಡು ಬರ್ತೀರಿ" ಎಂಬುದು ಆಕೆಯ ದೂರು. ಬೇತಮಂಗಲದ ಶಾಲೆಯಲ್ಲಿ ಪಾಠ ಹೇಳುವ ನಾನು ಭಾನುವಾರ ಬಂತೆಂದರೆ ಸೈಕಲ್ ಹತ್ತಿ ಆಂಡರ್ಸನ್‌ಪೇಟೆಗೆ ಹೋಗುತ್ತಿದ್ದೆ. ಅಲ್ಲಿ ಶಾಮರಾಯರಿದ್ದರು. ಚಿನ್ನದ ಗಣಿಯ ಉಗ್ರಾಣದಲ್ಲಿ ದುಡಿದು ನಿವೃತ್ತರಾದವರು, ಈ ರೋಗದಲ್ಲಿ ನನಗಿಂತ ಹಿರಿಯರು. ಅವರ ಗಾಜಿನ ಬೀರುವಿನಲ್ಲಿ ಕೆಂಪು ಮಕಮಲ್ಲಿನ ಮೇಲೆ ದೇಶದೇಶಗಳ ರಾಜರು ಮಲಗಿದ್ದರು. ಭೂತಗನ್ನಡಿ ಹಿಡಿದು ಇಬ್ಬರೂ ಬಗ್ಗಿದೆವೆಂದರೆ ಕಾಫಿ ಆರುವುದೂ ತಿಳಿಯುತ್ತಿರಲಿಲ್ಲ.

ನಾಣ್ಯದ ಮೇಲೆ ಮುಖ ಒತ್ತಿಸಿಕೊಂಡವರಲ್ಲಿ ಸಜ್ಜನರನ್ನು ಹುಡುಕುವುದು ಕಷ್ಟ. ಹೊಲ ಉತ್ತವನ ಮುಖವನ್ನು ಯಾವ ಟಂಕಸಾಲೆಯೂ ಅಚ್ಚು ಹಾಕಿಲ್ಲ. ನಮ್ಮ ಕಡೆಯ ಹಳೆಯ ರಾಜರಿಗೆ ಅಷ್ಟಿಷ್ಟು ಸಂಕೋಚವಿತ್ತು. ಅವರು ದೇವರನ್ನೋ ವರಾಹವನ್ನೋ ಆನೆಯನ್ನೋ ಮುಂದೆ ಬಿಟ್ಟು ತಾವು ಹಿಂದೆ ನಿಂತರು. ಆನೆ ತಾನಾಗಿ ಯಾರ ಊರನ್ನೂ ಸುಟ್ಟಿದ್ದಲ್ಲವಾದ್ದರಿಂದ ಅದನ್ನು ನೋಡಿ ಸಂತೋಷಪಡಲು ಅಡ್ಡಿಯಿಲ್ಲ. ಒಮ್ಮೆ ಇದನ್ನೆಲ್ಲ ರಾಯರ ಮುಂದೆ ಹೇಳಿದೆ. ಅವರು ನಕ್ಕು, "ನಾವು ಸಂಗ್ರಹ ಮಾಡೋರು ಮೇಷ್ಟ್ರೇ, ತೀರ್ಪು ಕೊಡೋರಲ್ಲ" ಎಂದರು. ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ ನನ್ನದೇ ಎಂಬಂತೆ ನಾಲ್ಕು ಕಡೆ ಹೇಳಿಕೊಂಡು ತಿರುಗಿದೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ನಮ್ಮ ಮನೆಗೆ ಮೊಸರು ತರುತ್ತಿದ್ದವಳು ಮುನಿಯಮ್ಮ. ಕೆರೆಯಾಚೆಯ ಹಳ್ಳಿಯವಳು. ಗಂಡನಿಲ್ಲ, ಎರಡು ಎಮ್ಮೆ, ಒಂದು ತುಂಡು ರಾಗಿ ಹೊಲ, ನಾರಾಯಣ ಎಂಬ ಒಬ್ಬನೇ ಮಗ. ಗಣಿಯಲ್ಲಿ ಲಾರಿ ಓಡಿಸುತ್ತಿದ್ದ ನಾರಾಯಣ ಎರಡನೆಯ ಮಹಾಯುದ್ಧ ಶುರುವಾದಾಗ ಬ್ರಿಟಿಷರ ಪಟ್ಟಾಳಕ್ಕೆ ಸಿಪಾಯಿಯಾಗಿ ಸೇರಿ, ಬಂಗಾರಪೇಟೆಯಲ್ಲಿ ರೈಲು ಹತ್ತಿ ಹೋದ. ಆಫ್ರಿಕಾದಿಂದ ಅವನು ಬರೆಸಿದ ಕಾಗದಗಳನ್ನು ಆಕೆಗೆ ಓದಿ ಹೇಳುತ್ತಿದ್ದವನು ನಾನೇ. ಊಟದಲ್ಲೆಲ್ಲ ಮರಳು ಎಂದು ಒಮ್ಮೆ ಬರೆಸಿದ್ದ, ಎಮ್ಮೆ ಕರು ಹಾಕಿತಾ ಎಂದು ಇನ್ನೊಮ್ಮೆ ಕೇಳಿದ್ದ. ಇಟಲಿಯವರ ಗುಂಡಿಗೆ ಅವನು ಸತ್ತನೆಂದು ಸರ್ಕಾರದಿಂದ ಬಂದ ಕಾಗದವನ್ನೂ ನಾನೇ ಓದಿದೆ. ಕೆಲವು ತಿಂಗಳಾದ ಮೇಲೆ ಅವನ ಸಾಮಾನಿನ ಪೆಟ್ಟಿಗೆ ಬಂತು.

ಆಕೆಗೆ ಜ್ವರವೆಂದು ಕೇಳಿ ಒಂದು ಸಂಜೆ ನೋಡಲು ಹೋದೆ. ಗೋಡೆಯಲ್ಲಿದ್ದ ದೇವರ ಗೂಡಿನಲ್ಲಿ, ಪಟಗಳ ನಡುವೆ ಒಂದು ಕಂಚಿನ ಬಿಲ್ಲೆ. ಅದಕ್ಕೆ ಕುಂಕುಮ, ಕನಕಾಂಬರ.

"ನಮ್ಮುಡ್ಗನ ಧೈರ್ಯಕ್ಕೆ ಸರ್ಕಾರದೋರು ಕೊಟ್ಟಿರೋದು ಮೇಷ್ಟ್ರೇ. ಪೆಟ್ಗೇಲಿತ್ತು. ದಿನಾ ಪೂಜೆ ಮಾಡ್ತೀನಿ" ಎಂದಳು.

ಬಗ್ಗಿ ನೋಡಿದೆ. ತಲೆಗೆ ಲೋಹದ ಟೋಪಿ, ಮುಂದೆ ಚಾಚಿದ ದವಡೆ. ಕುಂಕುಮದ ಅಡಿಯಿಂದ ನನ್ನನ್ನು ದುರುಗುಟ್ಟಿಕೊಂಡು ನೋಡುತ್ತಿದ್ದ ಆ ಮುಖವನ್ನು ಪತ್ರಿಕೆಗಳಲ್ಲಿ ಎಷ್ಟೋ ಸಲ ಕಂಡಿದ್ದೆ. ಇಟಲಿಯ ಸರ್ವಾಧಿಕಾರಿ! ತನ್ನ ದಂಡಿನ ಹೆಮ್ಮೆಗೆಂದು ಅವನು ಹೊಡೆಸಿದ ಪದಕ. ಮರಳಿನಲ್ಲಿ ಎಲ್ಲೋ ಬಿದ್ದಿದ್ದನ್ನು ನಾರಾಯಣ ಚೆನ್ನಾಗಿದೆಯೆಂದು ಎತ್ತಿಟ್ಟುಕೊಂಡಿರಬೇಕು. ಯಾರ ದಂಡಿನ ಗುಂಡಿಗೆ ಮಗ ಬಿದ್ದನೋ ಅವನ ಹಣೆಗೆ ತಾಯಿ ದಿನವೂ ಕುಂಕುಮ ಇಡುತ್ತಿದ್ದಾಳೆ.

ನನಗೆ ಆಗ ಮೊದಲು ಬಂದದ್ದು ದುಃಖ ಎಂದು ಬರೆದುಬಿಡಬಹುದು, ಆದರೆ ಅದು ಸುಳ್ಳು. 'ಇಂಥದ್ದು ನನ್ನ ಹತ್ತಿರ ಒಂದೂ ಇಲ್ಲವಲ್ಲ' ಎನ್ನಿಸಿತು. ದುಃಖ ಆಮೇಲೆ ಬಂತು. "ಚೆನ್ನಾಗಿದೆ ಮುನಿಯಮ್ಮ" ಎಂದಷ್ಟೇ ಹೇಳಿ ಎದ್ದು ಬಂದೆ. ಭಾನುವಾರ ರಾಯರ ಮುಂದೆ ಬಾಯಿ ಬಿಟ್ಟೆ. ಈ ರೋಗದವರ ಹೊಟ್ಟೆಯಲ್ಲಿ ಇಂಥ ಸುದ್ದಿ ನಿಲ್ಲುವುದಿಲ್ಲ.

ಬರಿದೇ ನೋಡುತ್ತೇನೆ ಎಂದು ಮಾತು ಕೊಟ್ಟು ರಾಯರು ಮಾರನೆಯ ವಾರವೇ ಬಂದರು. ಮುನಿಯಮ್ಮನ ಮನೆಗೆ ನಾನೇ ಕರೆದುಕೊಂಡು ಹೋದೆ. ಭೂತಗನ್ನಡಿಯಲ್ಲಿ ಎರಡೂ ಕಡೆ ನೋಡಿ, "ದವಡೆ ಎಷ್ಟು ಚೆನ್ನಾಗಿ ಎದ್ದಿದೆ ನೋಡಿ" ಎಂದು ನನ್ನ ಕಿವಿಯಲ್ಲಿ ಉಸುರಿದರು. ಆಮೇಲೆ ಆಕೆಯ ಕಡೆ ತಿರುಗಿ, "ನೋಡಮ್ಮ, ಇದು ನಿನ್ನ ಮಗನಿಗೆ ಕೊಟ್ಟಿದ್ದಲ್ಲ. ಇವನು ಶತ್ರುಗಳ ದೊರೆ. ಇವನ ಕಡೆಯವರೇ ನಿನ್ನ ಮಗನನ್ನ ಕೊಂದದ್ದು. ಇದು ದೇವರ ಗೂಡಲ್ಲಿ ಇರಬಾರದು, ನನಗೆ ಕೊಟ್ಟುಬಿಡು. ಏನು ಬೇಕೋ ಕೇಳು" ಎಂದರು.

ಮುನಿಯಮ್ಮ ಬಿಲ್ಲೆಯನ್ನು ಅವರ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.

"ನನ್ ಮಗನ್ನ ತಿಂದೋನು ಇವನಾ?"

"ಹೌದಮ್ಮ."

"ತಗೊಂಡೋಗಿ ಏನ್ ಮಾಡ್ತೀರಿ?"

"ಗಾಜಿನ ಬೀರುವಲ್ಲಿ ಇಡ್ತೀನಿ. ಕೆಳಗೆ ಮಕಮಲ್ ಹಾಸ್ತೀನಿ. ಜೋಪಾನವಾಗಿರುತ್ತೆ."

"ನಾನು ತಿಳೀದೆ ಕುಂಕುಮ ಇಟ್ಟೆ. ನೀವು ಎಲ್ಲಾ ತಿಳ್ಕೊಂಡೂ ಮಕಮಲ್ ಆಸ್ತೀರಾ?"

ಆಕೆ ನನ್ನ ಕಡೆ ತಿರುಗಿದಳು.

"ನಿಮ್ಗೂ ಗೊತ್ತಿತ್ತಾ ಮೇಷ್ಟ್ರೇ?"

ಹೌದೆಂದು ತಲೆಯಾಡಿಸಿದೆ.

"ಊವ ಇಟ್ಟಿರಾದು ಕಂಡೂ ಸುಮ್ಕೆ ಎದ್ದೋದ್ರಾ? ನಡೀರಿ ಸ್ವಾಮಿ. ಇಬ್ರೂ ಓಗ್ರಿ."

ದಾರಿಯಲ್ಲಿ ರಾಯರು, "ಪಾಪ, ಹಳ್ಳಿ ಹೆಂಗಸು. ಅದರ ಬೆಲೆ ಗೊತ್ತಿಲ್ಲ" ಎಂದರು. ಅಷ್ಟು ಹೊತ್ತಿಗೆ ನನ್ನ ಮೇಲೆ ನನಗೇ ಕುದಿಯುತ್ತಿದ್ದ ಸಿಟ್ಟು ಅವರ ಮೇಲೆ ಉಕ್ಕಿತು. ಆ ಬಿಲ್ಲೆಯ ಬೆಲೆ ಈ ಸೀಮೆಯಲ್ಲಿ ತೆತ್ತವಳು ಅವಳೊಬ್ಬಳೇ ಎಂದು ಕೂಗಿದೆ. ಚರಿತ್ರೆಗಾಗಿ ಉಳಿಸಬೇಡವೇ ಎಂದು ಅವರು ಕೇಳಿದರು. ಉಳಿಸಲಿ, ಬೇಡವೆಂದವರು ಯಾರು? ಆದರೆ ನಮ್ಮ ಬೀರುವಿನಲ್ಲಿ ಉಳಿಯುವುದು ಚರಿತ್ರೆಯೇ? ಆ ಸರ್ವಾಧಿಕಾರಿ ತನ್ನನ್ನು ಹೇಗೆ ನೋಡಬೇಕೆಂದು ಅಪ್ಪಣೆ ಮಾಡಿದನೋ ಹಾಗೆಯೇ ನೋಡಿ, ದವಡೆಯ ಕೆತ್ತನೆಗೆ ತಲೆದೂಗುತ್ತೇವೆ. ಕೈಯಲ್ಲಿ ಕೋವಿಯಿಲ್ಲದೆ ಅವನಿಗೆ ಸಲಾಮು ಹೊಡೆಯುವ ಸಿಪಾಯಿಗಳು ನಾವು. ನನ್ನ ಜೇಬಿನ ರೂಪಾಯಿಯ ಮೇಲಿನ ಬ್ರಿಟಿಷ್ ಚಕ್ರವರ್ತಿಯೂ ನಾರಾಯಣನ ತಾಯಿಯನ್ನು ಕೇಳಿ ಅವನನ್ನು ಮರಳುಗಾಡಿಗೆ ಕಳಿಸಿದವನಲ್ಲ, ಅದನ್ನು ಬಲ್ಲೆ. ಆದರೆ ಅಕ್ಕಿ ಬೇಕಾದ್ದರಿಂದ ಅವನನ್ನು ಜೇಬಿನಲ್ಲಿ ಹೊರುತ್ತೇನೆ. ಬೀರುವಿಗೆ ಯಾರನ್ನು ಕರೆತಂದರೂ ಪ್ರೀತಿಯಿಂದಲೇ ಕರೆತರುತ್ತೇನೆ. ಅಲ್ಲಿ ನನ್ನ ಕೈ ಹಿಡಿದು ಎಳೆದವರು ಯಾರೂ ಇಲ್ಲ.

ತಿಂಗಳಾದ ಮೇಲೆ ಧೈರ್ಯ ಮಾಡಿ ಮುನಿಯಮ್ಮನ ಮನೆಗೆ ಹೋಗಿ, ತಪ್ಪಾಯಿತು ಎಂದೆ. ಆಕೆ ಗೂಡಿನಿಂದ ಬಿಲ್ಲೆ ತಂದು ನನ್ನ ಅಂಗೈ ಮೇಲಿಟ್ಟಳು. ದಿನವೂ ಕೆರೆಯ ಕಲ್ಲಿನ ಮೇಲೆ ಮರಳು ಹಾಕಿ ಉಜ್ಜಿ ಉಜ್ಜಿ ಎರಡು ಕಡೆಯೂ ನುಣ್ಣಗೆ ಮಾಡಿದ್ದಳು. ದವಡೆಯಿಲ್ಲ, ಟೋಪಿಯಿಲ್ಲ, ಒಂದು ಅಕ್ಷರವಿಲ್ಲ.

"ಅವನ ಮಕ ಓಯ್ತು. ನನ್ ಮಗ ಇಡ್ಕಂಡಿದ್ದು ಅಷ್ಟೇ ಉಳ್ಕಂತು" ಎಂದು ಮತ್ತೆ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದಳು. ಸುದ್ದಿ ಕೇಳಿದ ರಾಯರು ಹಾಳಾಯಿತು, ಹಾಳಾಯಿತು ಎಂದು ತಲೆ ಹಿಡಿದುಕೊಂಡರು. ನಾರಾಯಣ ಸತ್ತ ಸುದ್ದಿಗೆ ಅವರು ಅಷ್ಟು ನೊಂದದ್ದನ್ನು ನಾನು ಕಾಣಲಿಲ್ಲ.

ಯುದ್ಧ ಮುಗಿದ ಮೇಲೆ ಅಂಥದೇ ಇನ್ನೊಂದು ಪದಕ, ಊರಿಗೆ ಮರಳಿದ ಸಿಪಾಯಿಯೊಬ್ಬನಿಂದ ರಾಯರಿಗೆ ದಕ್ಕಿತು. ತಮ್ಮ ಸಂಗ್ರಹವನ್ನು ಊರವರಿಗೆ ತೋರಿಸಬೇಕೆಂದು ಹೊರಟು, ಪ್ರತಿಯೊಂದರ ಕೆಳಗೂ ಇಡುವ ಚೀಟಿ ಬರೆದುಕೊಡಿ ಎಂದು ನನ್ನನ್ನು ಕರೆದರು. ಉಳಿದವಕ್ಕೆಲ್ಲ ಅವರು ಹೇಳಿದಂತೆ ಬರೆದೆ. ಈ ಪದಕಕ್ಕೆ ಮಾತ್ರ, 'ಕಂಚು. ಇವನು ಹೂಡಿದ ಯುದ್ಧದಲ್ಲಿ ಸತ್ತವರು: ಬೇತಮಂಗಲದ ಕಡೆಯ ಮುನಿಯಮ್ಮನ ಮಗ ನಾರಾಯಣ, ಮತ್ತು' ಎಂದು ಬರೆದು, ಉಳಿದ ಜಾಗ ಖಾಲಿ ಬಿಟ್ಟೆ.

ರಾಯರು ಓದಿ ಕೆಂಪಗಾದರು. "ಇದೇನ್ರೀ ಮೇಷ್ಟ್ರೇ? ಹೀಗೆ ಹೆಸರು ಬರೀತಾ ಹೋದ್ರೆ ಈ ಬೀರು ಸಾಕಾಗುತ್ತೇನ್ರೀ?"

ಇಷ್ಟು ವರ್ಷಗಳಲ್ಲಿ ಆ ಮುಖದ ಬಗ್ಗೆ ಅವರ ಬಾಯಿಂದ ಬಂದ ಒಂದೇ ಒಂದು ಸರಿಯಾದ ಮಾತು ಅದು.